ಹಳೇ ಮಾತ್ರೆ ಇಳಿದು ಹೊಸದು ಹತ್ತುವವರೆಗೆ

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡೋರಿಗೆ ವಿಚಿತ್ರ ಹೊಸದಲ್ಲ. ಒಬ್ಬರಿಗೆ ಚಂದ್ರ ಎರಡು ಕಾಣುತ್ತೆ, ಇನ್ನೊಬ್ಬರಿಗೆ ಕಣ್ಣ ಮುಂದೆ ಇಲ್ಲದ ನೊಣ ಹಾರುತ್ತೆ. ಅಂಥವರನ್ನ ಕೂರಿಸ್ಕೊಂಡು "ಏನೂ ಆಗಿಲ್ಲ, ಹೆದರಬೇಡಿ" ಅಂತ ಹದಿನೆಂಟು ವರ್ಷದಿಂದ ಹೇಳ್ತಾ ಬಂದವಳು ನಾನು. ಕೊನೆಗೆ ನನಗೇ ಅಂಥವು ಒಂದರ ಹಿಂದೆ ಒಂದು ಆಗೋಕೆ ಶುರುವಾದಾಗ, ನಾನು ಯಾರ ಮುಂದೆ ಹೋಗಿ ಕೂತ್ಕೊಳ್ಳಲಿ?

ಶಿವಾಜಿನಗರದಲ್ಲಿ ನಮ್ಮ ಅಂಗಡಿ, ಕಗ್ಗದಾಸಪುರದಲ್ಲಿ ಮನೆ. ಎರಡು ವರ್ಷದ ಹಿಂದೆ ನನಗೆ ಬೆಳಿಗ್ಗೆ ಎದ್ದು ಹಲ್ಲುಜ್ಜೋದೂ ಬೆಟ್ಟ ಹತ್ತಿದ ಹಾಗೆ ಆಗೋಕೆ ಶುರುವಾಯ್ತು. ಗಂಡ ಇಂದಿರಾನಗರದ ಮಾನಸಿಕ ವೈದ್ಯೆ ಹತ್ತಿರ ಕರ್ಕೊಂಡು ಹೋದರು. ಅವರು ಕೊಟ್ಟ ಮಾತ್ರೆ ನನ್ನನ್ನ ಎಬ್ಬಿಸಿ ನಿಲ್ಲಿಸಿತು. ಒಂದೂವರೆ ವರ್ಷ ಚೆನ್ನಾಗಿತ್ತು. ಆಮೇಲೆ ಅದೇ ಮಾತ್ರೆ ನುಂಗಿದರೂ ಮತ್ತೆ ಹಾಸಿಗೆ ನನ್ನನ್ನ ಬಿಡಲೊಲ್ಲದು. ಡಾಕ್ಟ್ರು, "ಇದನ್ನ ಸ್ವಲ್ಪ ಸ್ವಲ್ಪ ಇಳಿಸೋಣ, ಬೇರೆಯದನ್ನ ಸ್ವಲ್ಪ ಸ್ವಲ್ಪ ಏರಿಸೋಣ. ಕೆಲವು ವಾರ ವಿಚಿತ್ರ ಅನ್ನಿಸಬಹುದು. ಏನೇ ಆದರೂ ನೀವೇ ನಿಲ್ಲಿಸಬೇಡಿ, ನನಗೆ ಫೋನ್ ಮಾಡಿ" ಅಂದರು.

ವಿಚಿತ್ರ ಅಂದಾಗ ನಾನು ತಲೆನೋವು, ವಾಕರಿಕೆ ಅಷ್ಟೇ ಅಂದ್ಕೊಂಡಿದ್ದೆ.

ಕರೆಂಟು

ಅಂಗಡಿ ಹಿಂದೆ ಕಣ್ಣು ಪರೀಕ್ಷೆ ಮಾಡೋ ಸಣ್ಣ ಕೋಣೆ ಇದೆ. ದೀಪ ಆರಿಸಿದರೆ ಎದುರು ಗೋಡೆಯ ಅಕ್ಷರದ ಬೋರ್ಡು ಬಿಟ್ಟು ಏನೂ ಕಾಣಲ್ಲ. ಎರಡನೇ ವಾರ ಒಂದು ದಿನ ಹಲಸೂರಿನ ನಿವೃತ್ತ ಸುಬೇದಾರರೊಬ್ಬರನ್ನ ಕೂರಿಸ್ಕೊಂಡು ಗಾಜು ಬದಲಾಯಿಸ್ತಿದ್ದೆ. ಅವರ ಮುಖದಿಂದ ಗಾಜಿನ ಪೆಟ್ಟಿಗೆ ಕಡೆ ಕಣ್ಣು ಹೊರಳಿಸಿದೆ. ಝಪ್.

ಕಿವಿಯಲ್ಲಿ ಅಲ್ಲ, ತಲೆಬುರುಡೆ ಒಳಗೆ. ಸಡಿಲವಾದ ವೈರು ತಾಗಿದ ಹಾಗೆ. ಅರೆಗಳಿಗೆ ಲೋಕವೇ ಕಟ್ಟಾಗಿ ಮತ್ತೆ ಬಂತು. ಇನ್ನೊಂದು ಸಲ ಕಣ್ಣು ಹೊರಳಿಸಿದೆ. ಝಪ್.

"ನಿಮಗೆ ಕೇಳಿಸ್ತಾ ಸಾರ್?" ಅಂದೆ.

"ಏನು?"

"ಝಪ್ ಅಂತ."

ಅವರು ಮೂಗಿನ ಮೇಲಿದ್ದ ಪರೀಕ್ಷೆ ಚೌಕಟ್ಟನ್ನ ನಿಧಾನವಾಗಿ ತೆಗೆದು, "ನಾನು ಬಂದಿರೋದು ಕಣ್ಣಿಗಮ್ಮ, ಕಿವಿಗಲ್ಲ" ಅಂದರು.

ಕಣ್ಣು ಪರೀಕ್ಷೆ ಮಿಷಿನ್ನಿಂದ ಶಾಕ್ ಬರ್ತಿದೆ ಅಂತ ನನಗೆ ಖಾತ್ರಿಯಾಯ್ತು. ಎಲೆಕ್ಟ್ರಿಷಿಯನ್ನರನ್ನ ಕರೆಸಿದೆ. ಹಲಸೂರಿನ ತಮಿಳರೊಬ್ಬರು, ನಮ್ಮ ಅಂಗಡಿಯ ವೈರಿಂಗ್ ಎಲ್ಲ ಅವರದೇ. ಟೆಸ್ಟರ್ ಹಿಡಿದು ಕುರ್ಚಿ, ಬೋರ್ಡು, ಮಿಷಿನ್ನು ಎಲ್ಲ ಮುಟ್ಟಿ ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಈಗ ಬಂತು ನೋಡಿ," ಅಂದೆ.

"ಎಲ್ಲಿ?"

"ಈಗಲೂ ಬಂತು."

ಅವರು ಬಗ್ಗಿ ಗೋಡೆ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. "ಮೇಡಂ, ಮಿಷಿನ್ ಪ್ಲಗ್ ನಾನು ಆಗಲೇ ಕಿತ್ತು ಇಟ್ಟಿದ್ದೀನಿ. ಅದರಲ್ಲಿ ಈಗ ಚೂರೂ ಕರೆಂಟ್ ಇಲ್ಲ."

ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿದೆ. "ಹಳೇ ಮಾತ್ರೆ ಇಳಿಸುವಾಗ ಕೆಲವರಿಗೆ ಹೀಗಾಗುತ್ತೆ, ಹೆದರಬೇಡಿ, ಇನ್ನೂ ನಿಧಾನವಾಗಿ ಇಳಿಸೋಣ" ಅಂದರು. ಫೋನ್ ಇಟ್ಟು ಎಲೆಕ್ಟ್ರಿಷಿಯನ್ನರಿಗೆ ಹೇಳಿದೆ: "ಏನಿಲ್ಲ, ಅದು ನನ್ನೊಳಗಿಂದ ಬರ್ತಿದೆಯಂತೆ."

ಅವರು ತಲೆಯಾಡಿಸಿದರು. ಬಂದು ನೋಡಿಹೋಗಿದ್ದಕ್ಕೆ ಅವರ ಪುಸ್ತಕದಲ್ಲಿ ನನ್ನ ಸಹಿ ಬೇಕಿತ್ತು. ಜೇಬಿಂದ ಸ್ಟೀಲಿನ ಪೆನ್ನು ತೆಗೆದವರು, ಅದನ್ನ ವಾಪಸ್ ಇಟ್ಟು, ಚೀಲ ಪೂರ್ತಿ ಹುಡುಕಿ ಒಂದು ಪ್ಲಾಸ್ಟಿಕ್ ಪೆನ್ನು ಕೊಟ್ಟರು.

ಏನೂ ತಗೊಳ್ಳದ ಮೇಡಂ

ಮೂರನೇ ವಾರ ಝಪ್ ಕಡಿಮೆಯಾಯ್ತು, ಅದಕ್ಕಿಂತ ಮೆತ್ತಗಿನ ಇನ್ನೊಂದು ಬಂತು. ನನ್ನ ಕೈ ನನ್ನದು ಅನ್ನಿಸ್ತಿರಲಿಲ್ಲ. ಗಾಜು ಒರೆಸ್ತಾ ಇರೋ ಬೆರಳುಗಳನ್ನ ನೋಡಿದರೆ, ಯಾರೋ ಕೆಲಸ ಗೊತ್ತಿರೋ ಹೆಂಗಸು ಒರೆಸ್ತಿದ್ದಾಳೆ ಅನ್ನಿಸೋದು. ನನ್ನ ದನಿ ಪಕ್ಕದ ಕೋಣೆಯಿಂದ ಬಂದ ಹಾಗಿರೋದು.

ಕನ್ನಡಕದ ಅಂಗಡಿ ಅಂದಮೇಲೆ ಮೂರು ಗೋಡೆಗೂ ಕನ್ನಡಿ. ಒಂದು ಮಧ್ಯಾಹ್ನ ಗಿರಾಕಿಗಳು ಯಾರೂ ಇರಲಿಲ್ಲ. ಹಾಗೆ ಅಂದ್ಕೊಂಡಿದ್ದೆ. ತಲೆ ಎತ್ತಿದರೆ ಎದುರಿಗೆ ಒಬ್ಬರು ಹೆಂಗಸು ನಿಂತಿದ್ದಾರೆ. ಕಣ್ಣ ಕೆಳಗೆ ಕಪ್ಪು, ಕೂದಲು ಸರಿಯಾಗಿ ಬಾಚಿಲ್ಲ, ಎಷ್ಟು ಹೊತ್ತಿಂದ ಕಾಯ್ತಿದ್ದಾರೋ. ನನಗೆ ಅವರ ಮೇಲೆ ನಿಜವಾಗಲೂ ಕನಿಕರ ಬಂತು.

"ಬನ್ನಿ ಮೇಡಂ, ಕೂತ್ಕೊಳ್ಳಿ," ಅಂದೆ. "ನಿಮ್ಮನ್ನ ಯಾರೂ ವಿಚಾರಿಸಲಿಲ್ವಾ?"

ಅವರ ತುಟಿಯೂ ನನ್ನ ಜೊತೆಗೇ ಆಡಿತು. ಆಗಲೂ ನನಗೆ ತಕ್ಷಣ ಹೊಳೆಯಲಿಲ್ಲ. ನಾನು ಹಾಕಿದ್ದ ಅಂಗಡಿಯ ನೀಲಿ ಕೋಟೇ ಅವರ ಮೈಮೇಲೂ ಕಂಡಮೇಲೆ ಕೈಯಲ್ಲಿದ್ದ ಗಾಜು ಜಾರಿತು.

ಹಿಂದೆ ಗಲ್ಲಾ ಪಕ್ಕ ಅಂಗಡಿ ಯಜಮಾನರು ಕೂತಿದ್ದರು. ಎಪ್ಪತ್ತು ದಾಟಿದವರು, ನಾವೆಲ್ಲ ಚಾಚಾ ಅಂತೀವಿ. ಅವರು ಎಲ್ಲ ನೋಡಿದ್ದರು. ನನಗೆ ಕೆಲಸ ಹೋಯ್ತು ಅನ್ನಿಸಿತು. ಎರಡು ವರ್ಷ ಮುಚ್ಚಿಟ್ಟಿದ್ದನ್ನ ಅಲ್ಲೇ ನಿಂತು ಹೇಳಿಬಿಟ್ಟೆ: ಹಾಸಿಗೆ, ಹಲ್ಲುಜ್ಜೋದು, ಹಳೇ ಮಾತ್ರೆ, ಹೊಸ ಮಾತ್ರೆ. ಅವರು ಚಹಾ ಲೋಟ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

"ಹೋದ ವಾರದಿಂದ ನಾನೂ ನೋಡ್ತಿದ್ದೀನಿ ಬೇಟಿ," ಅಂದರು. "ಆ ಮೇಡಂ ದಿನಾ ನಿನ್ನ ಜೊತೆ ಬರ್ತಾರೆ, ನಿನ್ನ ಜೊತೆನೇ ಹೋಗ್ತಾರೆ. ಕೂರಿಸ್ಕೋ, ಚಾಯ್ ಕುಡಿಸು. ಸ್ವಲ್ಪ ದಿನ ಆದ್ಮೇಲೆ ಅವರೂ ಹುಷಾರಾಗ್ತಾರೆ."

ಎದ್ದು ಹೋಗಿ ಎದುರಿನ ಕನ್ನಡಿಗೆ ಒಂದು ಬಟ್ಟೆ ಹಾಕಿ ಬಂದರು. ಕೂತ್ಕೊಂಡು, ಒಂದು ಗುಟುಕು ಚಹಾ ಕುಡಿದು, ಇನ್ನೊಂದು ಮಾತು ಸೇರಿಸಿದರು. "ಆದ್ರೆ ಒಂದು ವಾರದಿಂದ ಬಂದು ಒಂದು ಫ್ರೇಮೂ ತಗೊಂಡಿಲ್ಲ ಆಯಮ್ಮ."

ಒಳಗಿರೋದು ಯಾರು

ನಾನು ಝಪ್‌ಗೆ ಹೆದರಿ ಕಣ್ಣು ಹೊರಳಿಸೋದನ್ನೇ ಬಿಟ್ಟಿದ್ದೆ. ಯಾರಾದರೂ ಕರೆದರೆ ಕಣ್ಣು ನೆಟ್ಟಗಿಟ್ಟು ಇಡೀ ಮೈಯನ್ನ ಮೆಲ್ಲಗೆ ತಿರುಗಿಸ್ತಿದ್ದೆ. ಜೊತೆಗೆ ಫ್ಯಾನಿನ ಕೆಳಗೆ ಕೂತರೂ ಬೆವರು. ಮನೆಯಲ್ಲಿ ಅತ್ತೆ ಇದನ್ನೆಲ್ಲ ಅಡುಗೆಮನೆಯಿಂದ ಗಮನಿಸ್ತಿದ್ದರು. ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗ, ಈಗ ನಾಲ್ಕು ಮಹಡಿ ಕಟ್ಟಡ ಇರೋ ಜಾಗದಲ್ಲಿ ರಾಗಿ ಕುಯ್ದವರು ಅವರು. ಮಾತ್ರೆ ವಿಷಯ ಅವರಿಗೆ ಗೊತ್ತಿತ್ತು, ನಂಬಿಕೆ ಇರಲಿಲ್ಲ.

"ಗೂಬೆ ತಿರುಗಿದಂಗೆ ತಿರುಗ್ತೀಯಲ್ಲೇ," ಅಂದರು. "ಇದು ಮಾತ್ರೆ ಕೆಲ್ಸ ಅಲ್ಲ. ಯಾವುದೋ ಗಾಳಿ."

ಹಲಸೂರು ಕೆರೆ ಹಿಂದಿನ ಗಲ್ಲಿಯಲ್ಲಿ ಗಾಳಿ ಬಿಡಿಸೋ ಅಜ್ಜಿಯೊಬ್ಬರಿದ್ದಾರೆ, ಬಾ ಅಂದರು. ನಾನು ಬೇಡ ಅನ್ನಲಿಲ್ಲ. ನಿಜ ಹೇಳಬೇಕು ಅಂದರೆ, ಆ ಹೊತ್ತಿಗೆ ನನಗೂ ಅರ್ಧ ಅನುಮಾನ ಬಂದಿತ್ತು.

ಹಗಲು ಹನ್ನೊಂದು ಗಂಟೆ, ಆದರೂ ಆ ಕೋಣೆಯಲ್ಲಿ ಬೆಳಕಿರಲಿಲ್ಲ. ಕರ್ಪೂರದ ಹೊಗೆ, ಬೇವಿನ ಸೊಪ್ಪು. ಅಜ್ಜಿ ಹಣೆ ತುಂಬ ಕುಂಕುಮ ಇಟ್ಕೊಂಡು ನನ್ನ ಮುಂದೆ ಕೂತು ಗಲ್ಲ ಹಿಡಿದರು.

"ಯಾರು ನೀನು?"

ಹೆಸರು ಹೇಳಿದೆ.

"ನಿನ್ನಲ್ಲ ಕೇಳಿದ್ದು. ಒಳಗಿರೋದು ಯಾರು?"

ಆ ದನಿಗೆ ಸುಳ್ಳು ಹೇಳೋಕೆ ಆಗಲ್ಲ. "ಇಬ್ಬರಿದ್ದಾರೆ," ಅಂದೆ. "ಹಳಬ ಹೋಗ್ತಿದ್ದಾನೆ, ಇನ್ನೂ ಪೂರ್ತಿ ಹೋಗಿಲ್ಲ. ಹೊಸಬ ಬರ್ತಿದ್ದಾನೆ, ಇನ್ನೂ ಪೂರ್ತಿ ಬಂದಿಲ್ಲ."

ಹಿಂದೆ ಅತ್ತೆ ಕಂಬ ಹಿಡ್ಕೊಂಡಿದ್ದು ಬಳೆ ಸದ್ದಿನಲ್ಲೇ ಗೊತ್ತಾಯ್ತು. ಅಜ್ಜಿ ಸ್ವಲ್ಪ ಹೊತ್ತು ನನ್ನ ಕಣ್ಣು ನೋಡಿದರು. ಬೇವಿನ ಸೊಪ್ಪು ಅಡ್ಡ ಹಿಡಿದು, ನನ್ನ ಕಿವಿ ಹತ್ತಿರ ಬಗ್ಗಿ, ಬೇರೆಯದೇ ದನಿಯಲ್ಲಿ ಕೇಳಿದರು. "ಯಾವ ಮಾತ್ರೆಯಮ್ಮ?"

ಹೇಳಿದೆ.

"ಎಷ್ಟು ಮಿಲಿಗ್ರಾಮು?"

ಅದನ್ನೂ ಹೇಳಿದೆ. ತಮ್ಮ ಎದೆ ಮೇಲೆ ಕೈಯಿಟ್ಟು, "ನಂದು ಇದರ ಡಬಲ್, ಆರು ವರ್ಷದಿಂದ" ಅಂದರು. ಆಮೇಲೆ ನೆಟ್ಟಗೆ ಕೂತು, ಅತ್ತೆಗೆ ಕೇಳಿಸೋ ಹಾಗೆ ಗುಡುಗಿದರು. "ಹೊಸಬ ಒಳ್ಳೇವನು. ಓಡಿಸಬೇಡಿ. ದಿನಾ ಅದೇ ಹೊತ್ತಿಗೆ ಒಳಗೆ ಬಿಟ್ಕೋ. ಊಟ ಆದ್ಮೇಲೆ ಬಿಟ್ಕೋ. ಖಾಲಿ ಹೊಟ್ಟೇಲಿ ಬಿಟ್ರೆ ವಾಂತಿ ಮಾಡಿಸ್ತಾನೆ."

ಅವತ್ತಿಂದ ಅತ್ತೆ ಊಟ ಆದ ತಕ್ಷಣ ನೀರಿನ ಲೋಟ ಹಿಡ್ಕೊಂಡು ಬಂದು, ಸೆರಗು ತಲೆ ಮೇಲೆ ಎಳ್ಕೊಂಡು, ಅತಿಥಿ ವಿಚಾರಿಸೋ ಮರ್ಯಾದೆಯಲ್ಲಿ ಕೇಳ್ತಾರೆ: "ಬಂದ್ರಾ ಅವರು?"

ಮೇಲ್ಮನೆ ಮೇಷ್ಟ್ರು

ಹೊಸಬ ಚೆನ್ನಾಗಿ ಕೂತ್ಕೊಳ್ಳೋ ಹೊತ್ತಿಗೆ ಕನಸುಗಳು ಶುರುವಾದವು. ಕನಸು ಅನ್ನೋಕೆ ಆಗಲ್ಲ, ಅಷ್ಟು ಸ್ಪಷ್ಟ. ವಾಸನೆ ಇತ್ತು, ಬಿಸಿ, ತಂಪು ಇತ್ತು. ಬೆಳಿಗ್ಗೆ ಎದ್ದರೆ ನಿನ್ನೆ ನಡೆದಿದ್ದು ಯಾವುದು, ಕಂಡಿದ್ದು ಯಾವುದು ಅಂತ ಬೇರೆ ಮಾಡೋಕೆ ಗೊತ್ತಾಗ್ತಿರಲಿಲ್ಲ.

ನಮ್ಮ ಮನೆ ಮೇಲೆ ಬಾಡಿಗೆಗೆ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ, ಒಬ್ಬರೇ. ಹೆಂಡತಿ ತೀರ್ಕೊಂಡಿದ್ದಾರೆ, ಮಗಳು ಕೆ.ಆರ್.ಪುರದಲ್ಲಿ. ಒಂದು ಬೆಳಿಗ್ಗೆ ಕಾಫಿ ಸೋಸ್ತಾ ಅತ್ತೆಗೆ ಹೇಳಿದೆ, "ಪಾಪ, ಮೇಷ್ಟ್ರು ಹೀಗೆ ಹೋಗ್ಬಾರದಿತ್ತು."

"ಎಲ್ಲಿಗೆ ಹೋದ್ರು?"

"ತೀರ್ಕೊಂಡ್ರಲ್ಲ ಅತ್ತೆ, ನಿನ್ನೆ. ಕುರ್ಚೀಲಿ ಕೂತಂಗೇ. ಮಗಳು ಬಂದು ಕೆ.ಆರ್.ಪುರಕ್ಕೆ ಕರ್ಕೊಂಡ್ಹೋದ್ಲು. ನೀವು ಮಲಗಿದ್ರಿ."

ಹೇಳಿ ಕೆಲಸಕ್ಕೆ ಹೋದೆ. ಅಂಗಡಿಯಲ್ಲಿ ಹನ್ನೆರಡು ಗಂಟೆಗೆ, ಸುಮ್ಮನೆ ಫ್ರೇಮಿನ ಸ್ಕ್ರೂ ಬಿಗಿ ಮಾಡ್ತಾ, ನಿನ್ನೆ ಮೇಷ್ಟ್ರ ಮಗಳ ಪಕ್ಕ ಅಳ್ತಾ ನಿಂತಿದ್ದವರನ್ನ ನೆನಪು ಮಾಡ್ಕೊಂಡೆ. ಅದು ನಮ್ಮ ತಾಯಿ. ನನ್ನ ಮಣಿಕಟ್ಟು ಹಿಡಿದಿದ್ದರು, ಅವರ ಬಳೆ ತಣ್ಣಗಿತ್ತು. ನಮ್ಮ ತಾಯಿ ಹೋಗಿ ಒಂಬತ್ತು ವರ್ಷ ಆಯ್ತು.

ಮನೆಗೆ ಫೋನ್ ಮಾಡಿದೆ. ಅತ್ತೆ ಎತ್ತಲಿಲ್ಲ. ಚಾಚಾಗೆ ಹೇಳಿ ಆಟೋ ಹತ್ತಿದೆ. ನಾನು ಬರೋಷ್ಟರಲ್ಲಿ ಆಗಬಾರದ್ದೆಲ್ಲ ಆಗಿತ್ತು. ಆಮೇಲೆ ಅತ್ತೆ, ಮೇಷ್ಟ್ರು ಇಬ್ಬರೂ ಹೇಳಿದ್ದನ್ನ ಸೇರಿಸಿ ಹೇಳ್ತೀನಿ.

ಮೇಷ್ಟ್ರು ಹಿಂದಿನ ದಿನ ಮಗಳ ಮನೆಗೆ ಹೋಗಿದ್ದರು, ಮೊಮ್ಮಗುವಿನ ಹುಟ್ಟಿದ ಹಬ್ಬಕ್ಕೆ. ಮೇಲೆ ಬೀಗ ನೋಡಿ ಅತ್ತೆಗೆ ನನ್ನ ಮಾತು ಖಚಿತವಾಗಿದೆ. ಹೂವಿನ ಹಾರ ತಂದು ಬೀಗಕ್ಕೆ ಹಾಕಿ, ಮೆಟ್ಟಿಲ ಮೇಲೆ ದೀಪ ಹಚ್ಚಿಟ್ಟು, ಪಕ್ಕದಲ್ಲೇ ಕೂತಿದ್ದಾರೆ. ಮಟಮಟ ಮಧ್ಯಾಹ್ನ. ಬಿಳೀ ಪಂಚೆ ಉಟ್ಟ ಮೇಷ್ಟ್ರು ಸದ್ದಿಲ್ಲದೆ ಮೆಟ್ಟಿಲು ಹತ್ತಿ ಬಂದಿದ್ದಾರೆ.

ಅತ್ತೆ ಕೂಗಲಿಲ್ಲ. ಅವರ ಕಾಲದಲ್ಲಿ ಹೀಗೆ ಬಂದೋರ ಹತ್ತಿರ ಮೆತ್ತಗೆ ಮಾತಾಡಿ ಕಳಿಸಬೇಕು ಅಂತ ಇತ್ತಂತೆ.

"ಬಂದ್ರಾ ಮೇಷ್ಟ್ರೇ?"

"ಬಂದೆ ಅಮ್ಮ. ಏನು ಬಿಸಿಲು."

"ಅಲ್ಲೂ ಬಿಸಿಲಿರುತ್ತಾ?"

"ಅಲ್ಲಿ ಇನ್ನೂ ಜಾಸ್ತಿ. ಒಂದು ಮರ ಬಿಟ್ಟಿಲ್ಲ."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರಂತೆ. "ಮಗಳು ಎಲ್ಲ ಸರಿಯಾಗಿ ಮಾಡಿದ್ಲಾ?"

"ಬಹಳ ಚೆನ್ನಾಗಿ ಮಾಡಿದ್ಲು. ವಡೆ, ಪಾಯಸ ಎಲ್ಲ ಇತ್ತು. ನೆಂಟರೆಲ್ಲ ಬಂದಿದ್ರು."

"ಹಾಗಾದ್ರೆ ಇನ್ನೇನು ಕೊರತೆ. ಮತ್ತೆ ಯಾಕೆ ಇಲ್ಲಿಗೆ ಬಂದ್ರಿ? ಹೋಗ್ಬಿಡಿ."

"ಎಲ್ಲಿಗೆ ಅಮ್ಮ?"

"ನಿಮ್ಮನೆಯವರು ಅಲ್ಲಿ ಕಾಯ್ತಿರ್ತಾರೆ."

ಆ ಮಾತಿಗೆ ಮೇಷ್ಟ್ರು ನಿಂತುಬಿಟ್ಟರು. ಆಗ ತಲೆ ಎತ್ತಿ ತಮ್ಮ ಬಾಗಿಲು ನೋಡಿದರು. ಹಾರ ನೋಡಿದರು. ಕೆಳಗೆ ದೀಪ ನೋಡಿದರು.

ನಾನು ಓಡಿ ಬಂದಾಗ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಕೂತಿದ್ದರು, ನಡುವೆ ದೀಪ ಉರೀತಿತ್ತು. ಮೇಷ್ಟ್ರು ನನ್ನನ್ನ ನೋಡಿ, ಮಕ್ಕಳು ಮೇಷ್ಟ್ರನ್ನ ಕೇಳೋ ದನಿಯಲ್ಲಿ ಕೇಳಿದರು. "ಏನಮ್ಮ, ನನಗೆ ಯಾರೂ ಹೇಳಲೇ ಇಲ್ಲವಲ್ಲ."

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಎಲ್ಲ ಹೇಳಿ ಕ್ಷಮೆ ಕೇಳಿದೆ. ಅತ್ತೆ ಮೇಷ್ಟ್ರ ತೋಳನ್ನ ಒಂದು ಸಲ ಚಿವುಟಿ ನೋಡಿ, ಅನ್ನಕ್ಕಿಡೋಕೆ ಒಳಗೆ ಹೋದರು. ಡಾಕ್ಟ್ರು ಮಾತ್ರೆಯನ್ನ ರಾತ್ರಿ ಊಟದಿಂದ ಬೆಳಿಗ್ಗೆ ತಿಂಡಿಗೆ ಬದಲಾಯಿಸಿದರು. ಎರಡು ವಾರದಲ್ಲಿ ಕನಸು ಮಾಸಿದವು. ಒಂದು ಬೆಳಿಗ್ಗೆ ಹಲಸೂರು ಮೆಟ್ರೋ ಮೆಟ್ಟಿಲು ಇಳಿದಾಗ ಹೋಟೆಲಿನಿಂದ ದೋಸೆ ವಾಸನೆ ಬಂತು, ಹಸಿವಾಯ್ತು. ಬರೀ ಹಸಿವು. ಎಷ್ಟೋ ತಿಂಗಳ ಮೇಲೆ. ನಿಂತ್ಕೊಂಡೇ ಎರಡು ದೋಸೆ ತಿಂದೆ.

ಆ ಸಂಜೆ ಮೇಷ್ಟ್ರಿಗೂ ಒಂದು ಕಟ್ಟಿಸ್ಕೊಂಡು ಹೋಗಿ ಕೊಟ್ಟೆ. ಅವರು ಪೊಟ್ಟಣ ಬಿಚ್ಚದೆ, ಬಾಗಿಲು ಸ್ವಲ್ಪ ಮುಂದೆ ಮಾಡಿ ಕೇಳಿದರು.

"ಒಂದು ವಿಷಯ. ನಾನು ಹೇಗೆ ಹೋದೆ? ನರಳಿದೆನಾ?"

"ಇಲ್ಲ ಸಾರ್. ಕುರ್ಚೀಲಿ ಕೂತಿದ್ರಿ. ಎದೆ ಮೇಲೆ ಪೇಪರ್ ಇತ್ತು. ಸುಖವಾಗಿ ಹೋದ್ರಿ."

"ಪೇಪರ್ ಪೂರ್ತಿ ಓದಿದ್ದೆನಾ?"

"ಕೊನೇ ಪುಟದಲ್ಲಿದ್ರಿ."

"ಹಾಗಾದ್ರೆ ಪರವಾಗಿಲ್ಲ ಬಿಡಮ್ಮ," ಅಂತ ನಕ್ಕು ಬಾಗಿಲು ಹಾಕ್ಕೊಂಡರು.

ಮಾರನೇ ಬೆಳಿಗ್ಗೆಯಿಂದ ನಮ್ಮನೆ ಬಾಗಿಲ ಸಂದಿಯಲ್ಲಿ ಮೇಷ್ಟ್ರ ಪೇಪರಿನ ಕೊನೇ ಹಾಳೆ ನೀಟಾಗಿ ಮಡಚಿ ತೂರಿಸಿರುತ್ತೆ. ಇವತ್ತಿನವರೆಗೆ ಅವರು ಅದನ್ನ ಓದಿಲ್ಲ.