ಮೂರು ಸಲ ಬ್ಯಾಡ

ಶ್ರೀಶೈಲದ ಮಲ್ಲಯ್ಯನಿಗೆ ಕೈಮುಗಿದು ಹೇಳುತ್ತೇನೆ. ಮಗಳ ಬಾಣಂತನಕ್ಕೆಂದು ಬನಹಟ್ಟಿಯಿಂದ ಮ್ಯಾಂಚೆಸ್ಟರಿಗೆ ಹೋದ ನನ್ನಂಥವಳಿಗೆ ಇಂಥವು ಆಗುತ್ತಲೇ ಇರುತ್ತವೆ. ನಡೆಸುವವನು ಅವನು, ಎಡವುವುದಷ್ಟೇ ನನ್ನ ಪಾಲು.

ಮಗಳು ಅಲ್ಲಿ ನರ್ಸ್. ಇಳಿದ ದಿನವೇ ಹೇಳಿದಳು: “ಅವ್ವಾ, ಮಗ್ಗಲಮನಿ ಬಾಯಾರ ಸಂಗಾಟ ಹುಷಾರಿಲೆ ಇರಬೇ. ಬ್ಯಾನಿ ಬಂದಾಗ ನಿನ್ನ ಅಳಿಯ ಡ್ಯೂಟಿಗೆ ಹೋಗಿದ್ರ ಅವರ ಕಾರೇ ಗತಿ.”

೧. ಚಹಾ

ಮರುದಿನ ಪಕ್ಕದ ಮನೆಯ ಆ ಇಂಗ್ಲಿಷ್ ಬಾಯಾರು ತಮ್ಮ ಮನೆಗೆ ಕರೆದು, “ಟೀ?” ಎಂದರು. ನಮ್ಮ ಕಡೆ ಒಂದೇ ಮಾತಿಗೆ ಹೂಂ ಅಂದರೆ ಬರಗೆಟ್ಟವರು ಅಂತಾರೆ. ಮೂರು ಸಲ ಬ್ಯಾಡ ಅಂದು, ನಾಲ್ಕನೆಯದಕ್ಕೆ ಕಪ್ಪು ಹಿಡಿಯಬೇಕು. “ನೋ ನೋ” ಎಂದೆ. ಅವರು “ಓಕೆ” ಎಂದು ತಮ್ಮೊಬ್ಬರಿಗೇ ಮಾಡಿಕೊಂಡು ನನ್ನೆದುರೇ ಕುಡಿದರು. ಎರಡನೆಯ ಸಲ ಕೇಳಲಿ ಎಂದು ಕಾಯುತ್ತ ಪಂಚಾಕ್ಷರಿ ಜಪಿಸಿದೆ. ಜಪ ನೂರೆಂಟು ಮುಟ್ಟಿತು. ಅವರು ಕಪ್ಪು ತೊಳೆದಿಟ್ಟರು.

೨. ಹೋಳಿಗೆ

ತಿರುಗಿ ನಾನೂ ಕರೆದೆ. ಒಂದು ಹೋಳಿಗೆ ತಿಂದು “ನೋ, ಥ್ಯಾಂಕ್ಯೂ” ಎಂದರು. ಇದು ಮೊದಲನೆಯ ಬ್ಯಾಡ ಎಂದು ಎಣಿಸಿ ಇನ್ನೊಂದು ಹಾಕಿದೆ. ತಾಟಿನಲ್ಲಿ ಬಿಡುವುದು ಅವರಲ್ಲಿ ಮರ್ಯಾದೆ ಅಲ್ಲವಂತೆ, ತಿಂದರು. ತಾಟು ಖಾಲಿ ಬಿಡುವುದು ನಮ್ಮಲ್ಲಿ ಮರ್ಯಾದೆ ಅಲ್ಲ, ಹಾಕಿದೆ. ಐದನೆಯದಕ್ಕೆ ಮಗಳು ಒಳಗಿಂದ ಬಂದಳು. “ಎವ್ವಾ, ಕಾರ್ ನಡಸಾವ್ರನ್ನ ಕೊಲ್ಲಾಕತ್ತೀಯೇನಬೇ?” ಆಮೇಲೆ ನಮ್ಮ ಮೂರು ಬ್ಯಾಡದ ಪದ್ಧತಿಯನ್ನು ಅವರಿಗೆ ಬಿಡಿಸಿ ಹೇಳಿದಳು. ಬಾಯಾರು ಗಂಭೀರವಾಗಿ ಕೇಳಿಸಿಕೊಂಡು ಸೋಫಾದ ಮೇಲೆ ಅಡ್ಡಾದರು.

೩. ಕಾರು

ಎಂಟು ದಿನಕ್ಕೆ, ಮಟಮಟ ಮಧ್ಯಾಹ್ನ, ಮಗಳಿಗೆ ಹೆರಿಗೆ ಬ್ಯಾನಿ ಶುರುವಾಯಿತು. ಅಳಿಯ ಡ್ಯೂಟಿಯಲ್ಲಿ. ಚೀರಿದ್ದು ಕೇಳಿ ಬಾಯಾರು ಕೀಲಿಕೈ ಹಿಡಿದೇ ಓಡಿ ಬಂದರು. “ಕಾರ್?”

ಅರವತ್ತು ವರ್ಷದ ರೂಢಿ. “ನೋ ನೋ, ನಿಮಗ್ಯಾಕ ತ್ರಾಸರಿ!” ಎಂದುಬಿಟ್ಟೆ.

“ಎವ್ವಾ, ಹೂಂ ಅನ್ನಬೇ!” ಗೋಡೆ ಹಿಡಿದುಕೊಂಡೇ ಮಗಳು ಕೂಗಿದಳು.

ಬಾಯಾರು ಒಂದು ಬೆರಳು ಮಡಚಿದರು. “ಕಾರ್?” ಮಲ್ಲಯ್ಯಾ, ನಾಲಿಗೆ ನನ್ನ ಮಾತು ಕೇಳಲಿಲ್ಲ. “ನೋ ನೋ.” ಎರಡನೆಯ ಬೆರಳು. ಮತ್ತೆ ಕೇಳಿದರು, ಮತ್ತೆ ಅಂದೆ. ಮೂರನೆಯ ಬೆರಳೂ ಮಡಚಿ, ಪದ್ಧತಿಗೆ ಎಲ್ಲೂ ಕುಂದು ಬಾರದಂತೆ ನಾಲ್ಕನೆಯ ಸಲ “ಕಾರ್?” ಎಂದರು. “ಆತ್ರಿ, ನೀವು ಇಷ್ಟು ಹೇಳಾಕತ್ತೀರಿ ಅಂದಮ್ಯಾಲೆ...” ಎಂದು ನಾನು ಒಪ್ಪುವಷ್ಟರಲ್ಲಿ ಮಗಳು ತಾನೇ ಹೋಗಿ ಕಾರಿಗೆ ಒರಗಿ ನಿಂತು, ಬಾಗಿಲು ಬಡಿಯುತ್ತಿದ್ದಳು.

ಸಂಜೆಗೆ ಮೊಮ್ಮಗಳು ಹುಟ್ಟಿದಳು. ಕೂಸನ್ನು ಮೊದಲು ಬಾಯಾರ ಮುಂದೆ ಚಾಚಿ, “ಎತ್ಕೊಳ್ರಿ ಅಕ್ಕಾರ” ಎಂದೆ. ಕಣ್ಣು ತುಂಬಿಕೊಂಡು “ನೋ ನೋ” ಎಂದರು. ಕೂಸಿನತ್ತ ಚಾಚಿದ ಅವರ ಎರಡೂ ಕೈ ಮಾತ್ರ ಹಿಂದೆ ಸರಿಯಲಿಲ್ಲ. ಬೆರಳು ನೋಡಿದೆ: ಒಂದು ಮಡಚಿತ್ತು.

ಈ ಕತೆ ಕೇಳಿದವರೆಲ್ಲರನ್ನೂ ಮಲ್ಲಯ್ಯ ತಣ್ಣಗಿಟ್ಟಿರಲಿ. ಅವನು ಕೊಡಲು ಬಂದರೆ ಮಾತ್ರ ಮೊದಲ ಸಲಕ್ಕೇ ಹೂಂ ಅಂದುಬಿಡಿ.