ಕೇಳದೆ ಕೊಟ್ಟ ಕಾಫಿ

ಒಬ್ಬ ಮನುಷ್ಯ ಯಾರ ಕಡೆಯವನು ಎಂಬುದನ್ನು ಅವನ ಮಾತಿನಿಂದ ತಿಳಿಯಲು ಹೋಗಬಾರದು. ಅವನಿಗೆ ಬಡಿಸುವವರ ಕೈ ನೋಡಬೇಕು. ಇದು ನಾನು ವಸತಿ ಶಾಲೆಯ ವಾರ್ಡನ್ ಆಗಿದ್ದಾಗ ಕಲಿತ ವಿದ್ಯೆ. ಹುಡುಗರೆಲ್ಲ ಒಂದೇ ಸಾಲಿನಲ್ಲಿ, ಒಂದೇ ಅಳತೆಯ ತಟ್ಟೆ ಹಿಡಿದು ಕೂರಬೇಕೆಂಬುದು ನನ್ನ ಕಟ್ಟಪ್ಪಣೆ. ಆದರೂ ಅಡುಗೆಯವನ ಸೌಟು ಕೆಲವರ ಪಾಲಿಗೆ ಮೇಲಿನ ತಿಳಿಯನ್ನೂ ಕೆಲವರ ಪಾಲಿಗೆ ತಳದ ತರಕಾರಿಯನ್ನೂ ಎತ್ತುತ್ತಿತ್ತು. ತರಕಾರಿ ಸಿಕ್ಕವನನ್ನು ಆಚೆ ಕರೆದು ವಿಚಾರಿಸಿದರೆ ಉಗ್ರಾಣದ ಬೆಲ್ಲ ಎಲ್ಲಿ ಹೋಯಿತೆಂಬುದು ತಾನಾಗಿ ಹೊರಬೀಳುತ್ತಿತ್ತು. ನಿವೃತ್ತನಾದ ಮೇಲೂ ನಸುಕಿಗೆ ಏಳುವ ಅಭ್ಯಾಸ ಮತ್ತು ಈ ಕಣ್ಣು, ಎರಡನ್ನೂ ನಾನು ಬಿಟ್ಟಿಲ್ಲ.

ದೊಡ್ಡಬಳ್ಳಾಪುರದ ಹಳೇ ಬೀದಿಯಲ್ಲಿ ನಮ್ಮ ಮನೆ ಮಲಗಿರಲಿಲ್ಲ, ನಿಂತಿತ್ತು. ಕೆಳಗೆ ಅಡುಗೆಮನೆ, ಮೇಲೆ ಮಲಗುವ ಕೋಣೆ, ನಡುವೆ ಕಡಿದಾದ ಮೆಟ್ಟಿಲು. ನನ್ನ ಹೆಂಡತಿ ಶಾರದೆಯ ಮೊಣಕಾಲು ಮುಷ್ಕರ ಹೂಡಿ ಅವಳು ಅಡುಗೆಮನೆಯಲ್ಲೇ ಹಾಸಿಗೆ ಹಾಕತೊಡಗಿದಾಗ, ಮೆಟ್ಟಿಲಿಲ್ಲದ ಮನೆ ಕೊಳ್ಳಲೇಬೇಕೆಂದು ತೀರ್ಮಾನಿಸಿದೆ. ಅದಕ್ಕೆ ಬ್ರೋಕರ್ ಬೇಕು. ಬ್ರೋಕರುಗಳಿಗೆ ನಮ್ಮಲ್ಲಿ ಬರವಿಲ್ಲ. ಕೊಳ್ಳುವವರ ಬ್ರೋಕರಿಗೆ ಬರ. ಎಲ್ಲರೂ ಎರಡೂ ಕಡೆ ಕಮಿಷನ್ ತೆಗೆದುಕೊಂಡು, ಮನಸ್ಸನ್ನು ಮಾತ್ರ ಒಂದೇ ಕಡೆ, ಮಾರುವವರ ಬಳಿ ಇಟ್ಟಿರುತ್ತಾರೆ. ಯಾವ ಮನೆ ತೋರಿಸಿದರೂ ಏರ್‌ಪೋರ್ಟ್ ಹತ್ತಿರ ಎನ್ನುತ್ತಿದ್ದರು. ನಾವು ವಿಮಾನ ಹತ್ತುವವರಲ್ಲ, ಮೆಟ್ಟಿಲೇ ಹತ್ತಲಾಗದವರು ಎಂದರೂ ಕೇಳುತ್ತಿರಲಿಲ್ಲ.

ಮೊದಲನೆಯವನು ರಾಜಣ್ಣ. ಭೇಟಿಯಾದ ಕೂಡಲೇ ತಾನು ಸಂಪೂರ್ಣ ನಮ್ಮ ಕಡೆ ಎಂದು ಎದೆ ಮುಟ್ಟಿಕೊಂಡ. ಅರಿಶಿನಕುಂಟೆಯ ಮನೆಯೊಂದಕ್ಕೆ ಕರೆದೊಯ್ದ. ಮನೆಯ ಯಜಮಾನಿ ಕಾಫಿ ತಂದು, ಸಕ್ಕರೆ ಎಷ್ಟಿರಲಿ ಎಂದು ನಮ್ಮಿಬ್ಬರನ್ನೂ ವಿಚಾರಿಸಿದರು. ಅವನನ್ನು ಏನೂ ಕೇಳದೆ, "ತಗೋ ರಾಜಣ್ಣ, ನಿಂದು ಸಕ್ಕರೆ ಇಲ್ದಿರೋದು" ಎಂದು ಲೋಟ ಕೊಟ್ಟರು. ನಾನು ಅಲ್ಲಿಯೇ ಎದ್ದೆ. ಕಾಫಿ ಮುಗಿಸಿಯಾದರೂ ಏಳಬಹುದಿತ್ತು ಎಂದು ಶಾರದೆ ದಾರಿಯುದ್ದಕ್ಕೂ ಗೊಣಗಿದಳು. ಎರಡನೆಯವನೊಂದಿಗೆ ದೇವನಹಳ್ಳಿ ಕಡೆ ಹೋದಾಗ ಕಾಫಿಯವರೆಗೂ ಕಾಯಬೇಕಾಗಲಿಲ್ಲ. ಮನೆಯ ನಾಯಿ ನಮಗೆ ಬೊಗಳಿ, ಅವನಿಗೆ ಬಾಲ ಅಲ್ಲಾಡಿಸಿತು.

ಮೂರನೆಯವನು ಇರ್ಫಾನ್. ನಡುವಯಸ್ಸಿನ, ಕಡಿಮೆ ಮಾತಿನ ಮನುಷ್ಯ. ಅವನು ಕರೆದೊಯ್ದ ಮೊದಲ ಮನೆಯ ಯಜಮಾನರು ಅವನನ್ನೇ ಮೇಲಿಂದ ಕೆಳಗೆ ನೋಡಿ, "ನೀನ್ಯಾರಪ್ಪಾ?" ಎಂದರು. ನನಗೆ ಪರಮಾನಂದವಾಯಿತು. ಅವನು ಕಾಫಿಗೂ ಕೂರದೆ ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿದ, ಪಕ್ಕದ ಮನೆಯವರೊಂದಿಗೆ ಮಾತಾಡಿದ, ಬಚ್ಚಲ ಬಾಗಿಲಲ್ಲಿ ಎತ್ತರದ ಹೊಸ್ತಿಲು ನೋಡಿ ಬಂದು, ಅಮ್ಮನ ಕಾಲಿಗೆ ಇದು ಆಗುವುದಿಲ್ಲ, ಬೇಡ ಎಂದ. ಹೀಗೆ ಬೇಡ ಬೇಡ ಎನ್ನುತ್ತಲೇ ಕೊನೆಗೆ ರಾಜಘಟ್ಟದ ದಾರಿಯಲ್ಲಿ, ಹೊಸ್ತಿಲೂ ತಗ್ಗಾಗಿರುವ ಮನೆಯೊಂದನ್ನು ತೋರಿಸಿದ. ಶಾರದೆ ಬಾಗಿಲಿನಿಂದ ಹಿತ್ತಲವರೆಗೆ ಗೋಡೆ ಹಿಡಿಯದೆ ನಡೆದಳು. ಮಾತುಕತೆಯಾಯಿತು. ಇನ್ನು ನಮ್ಮ ಹಳೇ ಮನೆ ಮಾರಿದರೆ ಹೊಸದು ನಮ್ಮದು. ಇಲ್ಲದಿದ್ದರೆ ಅವಳಿಗೆ ಅಡುಗೆಮನೆಯ ನೆಲವೇ ಗತಿ.

ಅದನ್ನೂ ನೀನೇ ಮಾರಿಕೊಡು ಎಂದೆ.

"ಮಾರೋ ಕೆಲಸ ನಾನು ಹಿಡಿಯಲ್ಲ ಸಾರ್. ತಗೊಳ್ಳೋರು ಯಾರಾದ್ರೂ ಬಂದ್ರೆ ನಿಮ್ಮನೇನೂ ತೋರಿಸ್ತೀನಿ. ಆದ್ರೆ ಅವತ್ತು ನಾನು ಅವರ ಕಡೆ" ಎಂದ.

ತತ್ವ ಅಂದರೆ ಹೀಗಿರಬೇಕು ಎಂದು ಅವನ ಬೆನ್ನು ತಟ್ಟಿದೆ. ತತ್ವಗಳು ಆವರೆಗೆ ಬೇರೆಯವರ ಮನೆಯಲ್ಲೇ ನಡೆಯುತ್ತಿದ್ದವಲ್ಲ.

ಸ್ವಲ್ಪ ದಿನದಲ್ಲೇ ಅವನು ಸಾವಿತ್ರಮ್ಮ ಎಂಬವರನ್ನು ಕರೆತಂದ. ಕೆಳಗೆ ಹೊಲಿಗೆ ಅಂಗಡಿ, ಮೇಲೆ ವಾಸ ಎಂಬುದು ಆಕೆಯ ಲೆಕ್ಕಾಚಾರ. ಮೆಟ್ಟಿಲು ಹತ್ತಿ ಇಳಿದರು, ಒಪ್ಪಿಗೆಯಾದಂತೆ ಕಂಡಿತು. ಶಾರದೆ ಕಾಫಿ ತಂದಳು. ಸಕ್ಕರೆ ಎಷ್ಟಿರಲಿ ಎಂದು ಸಾವಿತ್ರಮ್ಮನವರನ್ನು ಕೇಳಿದಳು. ಇರ್ಫಾನ್ ಮುಂದೆ ಮಾತ್ರ, ತಿಂಗಳುಗಟ್ಟಲೆ ಮನೆ ಹುಡುಕಿ ಬಂದು ಕೂತವನಲ್ಲವೇ, ಅವನ ಇಷ್ಟದ ಸ್ಟ್ರಾಂಗ್ ಕಾಫಿಯನ್ನು ಕೇಳದೆ ಇಟ್ಟಳು. ನನಗೆ ರಾಜಣ್ಣನ ಲೋಟ ನೆನಪಾಯಿತು.

ಸಾವಿತ್ರಮ್ಮ ಲೋಟ ಕೆಳಗಿಟ್ಟು ಬ್ಯಾಗ್ ಹೆಗಲಿಗೇರಿಸಿದರು. "ಏನಪ್ಪಾ ಇರ್ಫಾನು, ನಿನ್ನ ಕಾಫಿ ಈ ಮನೇಲಿ ಬಾಯಿಪಾಠ ಆಗಿದ್ಯಲ್ಲ."

ಇರ್ಫಾನ್ ಜಗಳವಾಡಲಿಲ್ಲ, ಎದೆಯನ್ನೂ ಮುಟ್ಟಿಕೊಳ್ಳಲಿಲ್ಲ. ನೇರ ಗೋಡೆಯ ಬಳಿ ಹೋಗಿ ಕ್ಯಾಲೆಂಡರ್ ಎತ್ತಿದ. ಆ ಕ್ಯಾಲೆಂಡರನ್ನು ನಾನು ಬಾಗಿಲ ಪಕ್ಕದಿಂದ ಅಲ್ಲಿಗೆ ವರ್ಗಾಯಿಸಿದ್ದು ಹಿಂದಿನ ಸಂಜೆ, ಕೇವಲ ಅಂದಕ್ಕಾಗಿ. "ನೋಡಿ ಅಮ್ಮ, ಮೇಲಿನ ಬಚ್ಚಲ ನೀರು ಇಲ್ಲಿ ಇಳೀತದೆ. ಇವರು ಸರಿ ಮಾಡಿಸಿಕೊಟ್ರೆ ಮಾತ್ರ ತಗೊಳ್ಳಿ" ಎಂದ. ಆಮೇಲೆ ನನ್ನ ಕಡೆ ತಿರುಗಿ, ಮೊದಲೇ ಹೇಳಿದ್ದೆನಲ್ಲ ಸಾರ್ ಎಂದ.

ಸಾವಿತ್ರಮ್ಮ ಬ್ಯಾಗ್ ಕೆಳಗಿಟ್ಟು ಮತ್ತೆ ಕೂತರು, ಕಾಫಿಯನ್ನೂ ಕುಡಿದರು. ಗೋಡೆ ನನ್ನ ಖರ್ಚಿನಲ್ಲಿ ಒಣಗಿತು, ಮನೆ ಮಾರಾಟವಾಯಿತು. ನನ್ನ ಆಯ್ಕೆ ಎಷ್ಟು ಸರಿಯಾಗಿತ್ತು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ನನ್ನ ಪರೀಕ್ಷೆಯಲ್ಲಿ ಪಾಸಾದವನು ನನ್ನ ಮನೆಯಲ್ಲೇ ರ‍್ಯಾಂಕ್ ಪಡೆದ.

ಹೊಸ ಮನೆಯ ಮೊದಲ ಬೆಳಿಗ್ಗೆ ಇರ್ಫಾನ್ ನೋಡಿಹೋಗಲು ಬಂದ. ಶಾರದೆ ಅವನಿಗೆ ಏನೂ ಕೇಳದೆ ಸ್ಟ್ರಾಂಗ್ ಕಾಫಿ ಕೊಟ್ಟಳು. ಆಮೇಲೆ, ಕೈಯಲ್ಲಿ ಕ್ಯಾಲೆಂಡರ್ ಹಿಡಿದು ಗೋಡೆ ಹುಡುಕುತ್ತಿದ್ದ ನನ್ನತ್ತ ತಿರುಗಿ, ಮದುವೆಯಾದಾಗಿನಿಂದ ಒಮ್ಮೆಯೂ ಕೇಳದ ಪ್ರಶ್ನೆಯನ್ನು ಕೇಳಿದಳು:

"ನಿಮಗೆ ಸಕ್ಕರೆ ಎಷ್ಟು ಹಾಕ್ಲಿ?"