ತಳ್ಳಿದರೆ ತೆಗೆಯೋ ಬಾಗಿಲು

ಬಾಗಿಲು ಅಂದ್ರೆ ಏನು ಅಂತ ಗೊತ್ತಿಲ್ಲದ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಹುಟ್ಟಿಲ್ಲ. ಆದ್ರೆ ಬಾಗಿಲಿನ ವಿಷಯದಲ್ಲಿ ನನ್ನ ಹೊಟ್ಟೆ ಉರಿಸದೆ ಬಿಟ್ಟ ಮನುಷ್ಯನೂ ಹುಟ್ಟಿಲ್ಲ. ಒಂದು ವಾರ ಸುಮ್ಮನಿದ್ರು ಅಂದ್ರೆ ಮುಂದಿನ ವಾರ ಎರಡು ವಾರದ್ದು ಸೇರಿಸಿ ಮಾಡಿಟ್ಟಿರ್ತಾರೆ.

ಹಾಸನದಲ್ಲಿ ನನ್ನದೊಂದು ಅಂಗಡಿ. ಕೀಲು, ಚಿಲಕ, ಬೀಗ ಮಾರ್ತಾ ಮಾರ್ತಾ ತಲೆ ಬೆಳ್ಳಗಾಯ್ತು. ಕೆಲವು ವರ್ಷದಿಂದ ಫೈರ್ ಡೋರ್ ಹಾಕಿಸೋ ಕೆಲಸ ಹಿಡಿದಿದ್ದೀನಿ. ದೊಡ್ಡ ಕಟ್ಟಡ ಅಂದ್ಮೇಲೆ, ಬೆಂಕಿ ಬಿದ್ದರೆ ಜನ ಓಡಿಹೋಗೋಕೆ ಇನ್ನೊಂದು ಬಾಗಿಲು ಇರಬೇಕು ಅಂತ ರೂಲ್ಸು. ಆ ಬಾಗಿಲು ಬೆಂಕಿ ತಡೀಬೇಕು, ತಾನಾಗೇ ಮುಚ್ಚಿಕೊಳ್ಳಬೇಕು, ಅದಕ್ಕೆ ಒಳಗಿಂದ ಬೀಗ ಹಾಕಬಾರದು. ಸೊಂಟದ ಮಟ್ಟಕ್ಕೆ ಅಡ್ಡಲಾಗಿ ಒಂದು ಪಟ್ಟಿ ಇರತ್ತೆ, ಪ್ಯಾನಿಕ್ ಬಾರ್ ಅಂತಾರೆ. ಹೊಗೆಯಲ್ಲಿ ಕಣ್ಣು ಕಾಣದಿದ್ರೂ ಮೈ ತಗುಲಿದರೆ ಸಾಕು, ಬಾಗಿಲು ಹೊರಕ್ಕೆ ತೆಗೆದುಕೊಳ್ಳತ್ತೆ. ತಳ್ಳಿದರೆ ತೆಗೀಬೇಕು, ಅಷ್ಟೇ. ಮೂರು ವರ್ಷದ ಮಗುವಿಗೂ ಅರ್ಥ ಆಗತ್ತೆ. ಕಟ್ಟಡದ ಯಜಮಾನರಿಗೆ ಮಾತ್ರ ಆಗಲ್ಲ.

ಈ ವರ್ಷ ನನ್ನ ತಂಗಿ ಮಗಳ ಮದುವೆ ಚನ್ನರಾಯಪಟ್ಟಣದ ಒಂದು ಕಲ್ಯಾಣ ಮಂಟಪದಲ್ಲಿ ಗೊತ್ತಾಯ್ತು. ಅದರ ಬಾಗಿಲು ಹಾಕಿಸಿದ್ದು ನಾನೇ. ಮನೆಯವರೆಲ್ಲ ಸಂತೋಷಪಟ್ಟರು, ನನಗೆ ಮಾತ್ರ ಭಯ ಹತ್ತಿತು. ನಾನು ಎತ್ತಿ ಆಡಿಸಿದ ಹುಡುಗಿ, ಐನೂರು ಜನ ನೆಂಟರು, ಪಕ್ಕದಲ್ಲೇ ಉರಿಯೋ ನಾಲ್ಕು ಒಲೆ. ನಾನು ಹಾಕಿಸಿದ ಬಾಗಿಲು ಹಾಕಿಸಿದ ಹಾಗೇ ಇದೆಯೋ ಇಲ್ಲವೋ? ಇಷ್ಟಕ್ಕೆಲ್ಲ ಯಾಕಯ್ಯಾ ಹೆದರ್ತೀಯ ಅಂತ ಕೇಳೋರು ಮೊದಲು ಉಳಿದ ಊರುಗಳ ಕಥೆ ಕೇಳಬೇಕು.

೧. ಎರಡು ಗಂಟೆ

ಅರಕಲಗೂಡಿನಲ್ಲಿ ಒಂದು ಲಾಡ್ಜ್ ಕಟ್ಟುತ್ತಿದ್ದರು. ಅಲ್ಲಿನ ಬಡಗಿ ಮೇಸ್ತ್ರಿಗೆ ನಾನೇ ಫೋನ್ ಮಾಡಿ ಹೇಳಿದೆ: "ನೋಡಯ್ಯಾ, ನಾಳೆ ಗಾಡಿಯಲ್ಲಿ ಎರಡು ಗಂಟೆ ಬಾಗಿಲು ಬರತ್ತೆ. ಹುಷಾರಾಗಿ ಇಳಿಸಿಕೊಂಡು ಚೌಕಟ್ಟಿಗೆ ನಿಲ್ಲಿಸಿರು, ನಾನು ಬಂದು ಉಳಿದದ್ದು ನೋಡ್ತೀನಿ." ಎರಡು ಗಂಟೆ ಹೊತ್ತು ಬೆಂಕಿ ತಡೆಯೋ ಬಾಗಿಲು ಅಂತ ಅರ್ಥ. ನಮ್ಮ ಕಸುಬಿನಲ್ಲಿ ಹಾಗೇ ಕರೆಯೋದು.

ಎರಡು ದಿನ ಬಿಟ್ಟು ಹೋದೆ. ಮೆಟ್ಟಿಲು ಹತ್ತುತ್ತಿದ್ದ ಹಾಗೇ ಮೇಲಿಂದ ಣಣ ಣಣ ಅಂತ ಶಬ್ದ. ಯಾರೋ ಪೂಜೆ ಮಾಡ್ತಿದ್ದಾರೆ ಅಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಹೋದೆ. ನೋಡ್ತೀನಿ, ನನ್ನ ಬಾಗಿಲಿಗೆ ಎರಡು ಹಿತ್ತಾಳೆ ಗಂಟೆ ನೇತಾಡ್ತಿವೆ! ದೇವರ ಮನೆ ಬಾಗಿಲಿಗೆ ಹಾಕ್ತಾರಲ್ಲ, ಅಂಥವು. ಅದಕ್ಕೆ ಅಂತ ಬಾಗಿಲನ್ನ ಈ ಕಡೆಯಿಂದ ಆ ಕಡೆಗೆ ಡ್ರಿಲ್ ಹಾಕಿ ತೂತು ಕೊರೆದಿದ್ದಾನೆ. ಫೈರ್ ಡೋರ್‌ಗೆ ತೂತು ಬಿತ್ತು ಅಂದ್ರೆ ಅದರ ಕಥೆ ಮುಗೀತು, ಬರೀ ತಗಡು.

"ಏನಯ್ಯಾ ಇದು?"

"ಗಾಡೀಲಿ ಬರೀ ಬಾಗ್ಲು ಬಂದಿತ್ತು ಸಾ, ಗಂಟೆ ಇರ್ನಿಲ್ಲ. ಮರ್ತವ್ರೆ ಅಂತ ನಾನೇ ಪಾತ್ರೆ ಅಂಗ್ಡಿಗೋಗಿ ತಂದೆ. ಸಣ್ಣವೂ ಇದ್ವು, ಲಾಡ್ಜ್‌ಗೆ ಲಕ್ಸಣವಾಗಿರ್ಲಿ ಅಂತ ದೊಡ್ಡವೇ ತಂದಿವ್ನಿ."

ನನ್ನ ಮೈಯೆಲ್ಲ ಉರಿದುಹೋಯ್ತು. "ಅಯ್ಯೋ ನಿನ್ನ! ಎರಡು ಗಂಟೆ ಅಂದ್ರೆ ಹೊತ್ತು ಕಣಯ್ಯಾ, ಹೊತ್ತು! ಟು ಅವರ್!"

ಅವನು ನನ್ನನ್ನೇ ತಪ್ಪು ಮಾಡಿದವನ ಥರ ನೋಡಿದ. "ಅಂಗೆ ಅಚ್ಚಗನ್ನಡದಾಗೆ ಟು ಅವರ್ ಅಂತ ಏಳ್ಬಾರ್ದಾಗಿತ್ತಾ ಸಾ?"

೨. ಲಕ್ಷ್ಮಿ ಹೋಗೋ ದಾರಿ

ಹೊಳೆನರಸೀಪುರದ ಒಂದು ಸೀರೆ ಅಂಗಡಿ. ಹಿಂದೆ ಓಣಿ ಕಡೆಗೆ ಬಾಗಿಲು ಹಾಕಿಸಿ, ತಳ್ಳಿ ತೋರಿಸಿ, ಯಜಮಾನರ ಕೈಯಲ್ಲೂ ತಳ್ಳಿಸಿ ಬಂದಿದ್ದೆ. ಅವರ ಮುಖದಲ್ಲಿ ಮಾತ್ರ ಕಳೆ ಇರಲಿಲ್ಲ.

"ಎಲ್ಲಾ ಸರಿ ಸಾ, ಬಾಗ್ಲು ಆಚಿಕ್ ತಗೀತದಲ್ಲ. ಲಕ್ಸ್ಮಿ ಆಚಿಕ್ ಓಗ್ಬುಡ್ತಾಳೆ ಅಂತ ವಾಸ್ತು ನೋಡೋರು ಅಂದವ್ರೆ."

"ಲಕ್ಷ್ಮಿಯೂ ಹೋಗಬೇಕು, ನೀವೂ ಹೋಗಬೇಕು, ಅದಕ್ಕೇ ಹಾಕಿರೋದು" ಅಂತ ನಾನು ಜೋರಾಗೇ ಅಂದೆ. ಅವರು ತಲೆ ಅಲ್ಲಾಡಿಸಿದರು. ಒಪ್ಪಿದರು ಅಂದುಕೊಂಡು ನಾನು ಬಂದುಬಿಟ್ಟೆ. ನನಗೆ ಬುದ್ಧಿ ಬೇಡವಾ? ನಮ್ಮ ಕಡೆ ಯಜಮಾನರು ತಲೆ ಅಲ್ಲಾಡಿಸಿದರು ಅಂದ್ರೆ ಮಾತು ಸಾಕು, ಹೊರಡು ಅಂತ ಅರ್ಥ.

ತಿಂಗಳಾದ ಮೇಲೆ ಅವರದೇ ಫೋನು. "ಬೇಗ ಬನ್ನಿ ಸಾ, ನಿಮ್ ಬಾಗ್ಲು ತೊಂದ್ರೆ ಕೊಟ್ಬುಡ್ತು." ಹೋಗಿ ನೋಡಿದರೆ, ನಾನು ಅತ್ತ ಹೋಗಿದ್ದೇ ತಡ, ಯಾರನ್ನೋ ಕರೆಸಿ ಬಾಗಿಲನ್ನ ಚೌಕಟ್ಟಿನ ಸಮೇತ ಕಿತ್ತು ಹಿಂದುಮುಂದು ತಿರುಗಿಸಿ ಕೂರಿಸಿದ್ದಾರೆ! ಈಗ ಪಟ್ಟಿ ಓಣಿ ಕಡೆಗಿದೆ. ಒಳಗಿರೋರು ತೆಗೆಯೋಣ ಅಂದ್ರೆ ಹಿಡಿಯೋಕೆ ಒಂದು ಗುಬುಟೂ ಇಲ್ಲ. ಹೊರಗಿರೋರು ಯಾರು ಬೇಕಾದ್ರೂ ತಳ್ಳಿಕೊಂಡು ಒಳಗೆ ಬರಬಹುದು.

ಬಂದೂ ಆಗಿತ್ತು. ಓಣಿಯಲ್ಲಿ ತಿರುಗೋ ಒಂದು ಗೂಳಿ ಕತ್ತಿನ ನವೆಗೆ ಆ ಪಟ್ಟಿಗೆ ಮೈ ಉಜ್ಜಿದೆ. ಬಾಗಿಲು ತೆಗೆದಿದೆ. ಗೂಳಿ ಒಳಗೆ ಬಂದಿದೆ. ಅದರ ಬೆನ್ನಿಗೇ ಬಾಗಿಲು ಮುಚ್ಚಿಕೊಂಡಿದೆ, ಅದೊಂದು ಕೆಲಸ ನನ್ನ ಬಾಗಿಲು ಸರಿಯಾಗಿ ಮಾಡಿದೆ. ಅರ್ಧ ಗಂಟೆ ಅದು ಅಂಗಡಿ ತುಂಬ ಓಡಾಡಿ, ರೇಷ್ಮೆ ಸೀರೆ ಕೊಂಬಿಗೆ ಸುತ್ತಿಕೊಂಡು, ಕೊನೆಗೆ ಮುಂಬಾಗಿಲಿಂದ ಆಚೆಗೆ ನಡೆದಿದೆ.

"ಇನ್ನಾದರೂ ಬುದ್ಧಿ ಬಂತಾ ಯಜಮಾನರೇ? ತಿರುಗಿಸಿ ಹಾಕಿಸಲಾ?" ಅಂತ ಹಲ್ಲು ಕಚ್ಚಿಕೊಂಡು ಕೇಳಿದೆ.

ಅವರು ಕೈಮುಗಿದರು. "ಬ್ಯಾಡಿ ಸಾ, ಅಂಗೇ ಇರ್ಲಿ. ಬಸವಣ್ಣನೇ ಬಂದೋಗವ್ನೆ, ಲಕ್ಸ್ಮಿ ಬರಕಿಲ್ವಾ?"

೩. ಗಟ್ಟಿ ರಾಡು

ಇದು ಹಾಸನದ್ದೇ, ಒಂದು ಹಾಸ್ಟೆಲ್. ವಾರ್ಡನ್ ಫೋನ್ ಮಾಡಿ ಎತ್ತಿದ ಕೂಡಲೇ ಬೈಗುಳ ಶುರು. "ಏನ್ರೀ ಇಂಥ ಮಾಲು ಹಾಕಿದ್ದೀರಾ? ಆ ಬಾಗಿಲಿನ ರಾಡು ಒಂಚೂರೂ ಗಟ್ಟಿ ಇಲ್ಲ. ಟವಲ್ ಹಾಕಿದರೆ ತಡಕೊಳ್ಳತ್ತೆ. ಒದ್ದೆ ಕಂಬಳಿ ಒಣಗೋಕೆ ಹಾಕಿದರೆ ಬಾಗಿಲೇ ತೆಗೆದುಕೊಂಡು ಹೋಗತ್ತೆ!"

ಅದು ತೆಗೀಬೇಕು ಅಂತಲೇ ಮಾಡಿರೋದು ಸ್ವಾಮಿ ಅಂತ ಹತ್ತು ನಿಮಿಷ ಗಂಟಲು ಹರಕೊಂಡೆ. ಬೆಂಕಿ, ಹೊಗೆ, ಮಕ್ಕಳ ಪ್ರಾಣ, ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅದೆಲ್ಲ ಸರಿ. ಕಂಬಳಿ ಎಲ್ಲಿ ಹಾಕೋದು, ಅದು ಹೇಳಿ."

೪. ಒಂದು ದಿನ ಮುಂಚೆ

ಹೀಗೆ ಊರೂರಲ್ಲೂ ಉರಿಸಿಕೊಂಡವನಿಗೆ ಚನ್ನರಾಯಪಟ್ಟಣದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ಮದುವೆಗೆ ವಾರ ಇದೆ ಅನ್ನೋವಾಗ ಬಸ್ ಹತ್ತಿ ಹೋದೆ. ಮಂಟಪದ ಊಟದ ಮನೆಯ ಮೂಲೆಯಲ್ಲಿ ನನ್ನ ಬಾಗಿಲು. ಅದರ ಪಟ್ಟಿಗೆ ಎತ್ತಿನ ಗಾಡಿಗೆ ಕಟ್ಟೋ ಸರಪಳಿ ಸುತ್ತಿ, ತೆಂಗಿನಕಾಯಿ ಗಾತ್ರದ ಬೀಗ ಜಡಿದಿದ್ದಾರೆ!

ಮಂಟಪದ ಯಜಮಾನರು ಕೊಬ್ಬರಿ ವ್ಯಾಪಾರದವರು, ಸಾಧು ಮನುಷ್ಯ. ನನ್ನ ಕೂಗಾಟಕ್ಕೆ ಒಂಚೂರೂ ಬೇಜಾರು ಮಾಡಿಕೊಳ್ಳಲಿಲ್ಲ. "ಓದ್ಸಲ ಅನ್ನ ಬೇಯ್ಸೋ ಒಂದು ಕೊಳದಪ್ಪಲೆ ಇದೇ ಬಾಗ್ಲಾಗೆ ನಡ್ಕೊಂಡು ಓಯ್ತು ಸಾ. ಅದ್ಕೇ ಬೀಗ."

"ಕೀ ಎಲ್ಲಿ?"

"ತ್ವಾಟದ್ ಮನೇಲದೆ."

"ಮದುವೆ ನಡೀತಿರೋವಾಗ ಬೆಂಕಿ ಬಿತ್ತು ಅಂತ ಇಟ್ಕೊಳ್ಳಿ. ನೀವು ತೋಟಕ್ಕೆ ಹೋಗಿ ಕೀ ತರೋ ಹೊತ್ತಿಗೆ ಇಲ್ಲಿ ಏನು ಉಳಿದಿರತ್ತೆ?"

ಅವರು ನಿಜಕ್ಕೂ ಯೋಚನೆ ಮಾಡಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ನನ್ನನ್ನೇ ಸಮಾಧಾನ ಮಾಡೋ ಹಾಗೆ ಅಂದರು: "ಯಾಕಿಷ್ಟು ಗಾಬ್ರಿ ಸಾ? ಬೆಂಕಿ ಬೀಳೋಕ್ ಒಂದಿನ ಮುಂಚೆ ಒಂದ್ ಪೋನ್ ಮಾಡ್ಸಿ. ನಾನೇ ಬಂದು ತಗ್ಸಿಡ್ತೀನಿ."

೫. ನೀವೆಲ್ಲಿದ್ರಿ

ಮಂಟಪ ಬದಲಾಯಿಸೋಣ ಅಂತ ತಂಗಿಗೆ ಹೇಳಿದೆ. "ಅಣ್ಣಾ, ಲಗ್ನಪತ್ರಿಕೆ ಹಂಚಿ ಆಗಿದೆ. ನಿನ್ನ ಬಾಗಿಲಿಗೋಸ್ಕರ ಮುಹೂರ್ತ ಎತ್ತಿ ಇನ್ನೊಂದು ಕಡೆ ಇಡೋಕಾಗತ್ತಾ?" ಅಂತ ಅವಳು ನನ್ನ ಮೇಲೇ ರೇಗಿದಳು. ಸರಿ, ಮದುವೆ ಹಿಂದಿನ ದಿನವೇ ಹೋಗಿ ಯಜಮಾನರ ಕೈಯಲ್ಲಿ ಬೀಗ ತೆಗೆಸಿ, ಸರಪಳಿ ಬಿಚ್ಚಿಸಿ, ಎರಡನ್ನೂ ನನ್ನ ಚೀಲಕ್ಕೆ ಹಾಕಿಕೊಂಡೆ. ಅಷ್ಟಕ್ಕೆ ಬಿಡಲಿಲ್ಲ. ಬಂದ ನೆಂಟರನ್ನೆಲ್ಲ ಹಿಡಿದು ಹಿಡಿದು ಆ ಬಾಗಿಲ ಹತ್ತಿರ ಕರಕೊಂಡು ಹೋದೆ. "ಏನಾದರೂ ಆದರೆ ಇದೇ ದಾರಿ. ತಳ್ಳಿ ನೋಡಿ." ಬೀಗರು ತಳ್ಳಿದರು, ಪುರೋಹಿತರು ತಳ್ಳಿದರು, ವಾಲಗದವರೂ ತಳ್ಳಿದರು. ಮದುಮಗಳ ಕೈಯಲ್ಲೂ ತಳ್ಳಿಸಿದೆ. "ಹುಡುಗಿ ಸೋದರಮಾವನಿಗೆ ಏನೋ ಆಗಿದೆ" ಅಂತ ಗಂಡಿನ ಕಡೆ ಹೆಂಗಸರು ನಕ್ಕರು. ನಗಲಿ ಬಿಡಿ.

ಬೆಳಿಗ್ಗೆ ಸೋದರಮಾವನ ಮರ್ಯಾದೆಗೆ ಹುಡುಗಿಯನ್ನ ಎತ್ತಿಕೊಂಡು ಹೋಗಿ ಹಸೆಮಣೆ ಹತ್ತಿಸಿದೆ. ಕಣ್ಣಲ್ಲಿ ನೀರು ಬಂತು. ಧಾರೆ ಮುಗಿದು, ಮಧ್ಯಾಹ್ನ ಗಂಡು ಹೆಣ್ಣು ಊಟಕ್ಕೆ ಕೂತರು. ಎದುರು ಸಾಲಿನಲ್ಲಿ ನಾನು. ಎಲೆಗೆ ಒಬ್ಬಟ್ಟು ಬಿದ್ದು, ತುಪ್ಪ ಬರೋದನ್ನ ಕಾಯ್ತಿದ್ದೆ. ಅಡುಗೆಮನೆ ಕಡೆಯಿಂದ ಧಡ್ ಅಂತ ಶಬ್ದ, ಹಿಂದೆಯೇ ಗವ್ವಂತ ಹೊಗೆ. ಕೆಮ್ಮು, ಕಣ್ಣುರಿ. ಯಾರೋ "ಬೆಂಕಿ! ಬೆಂಕಿ!" ಅಂತ ಕಿರುಚಿದರು.

ಎಲ್ಲರೂ ಎದ್ದರು. ಎದ್ದವರು ಏನು ಮಾಡಬೇಕಿತ್ತು? ಹತ್ತು ಹೆಜ್ಜೆ ದೂರದಲ್ಲಿ ನನ್ನ ಬಾಗಿಲು. ಹಿಂದಿನ ದಿನವಷ್ಟೇ ಅವರ ಕೈಯಲ್ಲೇ ತಳ್ಳಿಸಿದ್ದೀನಿ. ಅದನ್ನ ಬಿಟ್ಟು, ಊಟದ ಮನೆ ದಾಟಿ, ಮಂಟಪ ದಾಟಿ, ಎಲ್ಲರೂ ಮುಂಬಾಗಿಲಿಗೆ ನುಗ್ಗಿದರು. ಯಾಕೆ? ಚಪ್ಪಲಿ ಬಿಟ್ಟಿದ್ದು ಅಲ್ಲಿ! ಹೊಸಿಲ ಮೇಲೆ ಜನ ಬಗ್ಗಿ ಬಗ್ಗಿ ಚಪ್ಪಲಿ ಹುಡುಕ್ತಾ ಇದ್ದಾರೆ. ಅವರ ಬೆನ್ನ ಮೇಲೆ ಹಿಂದಿನವರು ಬಿದ್ದಿದ್ದಾರೆ. "ನಂದು ಕರೇದು, ನಂದು ಕರೇದು" ಅಂತ ಒಬ್ಬರು ಕೂಗ್ತಾರೆ. ಅಲ್ಲಿದ್ದವೆಲ್ಲ ಕರೇವೇ. ಅಲ್ರೀ, ಪ್ರಾಣ ದೊಡ್ಡದೋ ಚಪ್ಪಲಿ ದೊಡ್ಡದೋ? ಇಂಥ ಜನಕ್ಕೆ ಬಾಗಿಲು ಮಾಡಿಕೊಡೋಕೆ ನನ್ನ ಆಯುಸ್ಸು ಸವೆಸಿದ್ದೀನಲ್ಲ, ನನ್ನ ಹಣೆಬರಹಕ್ಕೆ ಏನು ಹೇಳೋದು!

ಅಷ್ಟರಲ್ಲಿ ಅಡುಗೆ ಭಟ್ಟರು ಸೌಟು ಹಿಡಿದೇ ಆಚೆ ಬಂದರು. "ಬೆಂಕಿನೂ ಇಲ್ಲ, ಏನೂ ಇಲ್ಲ. ಒಣಮೆಣಸಿನಕಾಯಿ ತಟ್ಟೆ ಕಾದ ಎಣ್ಣೆಗೆ ಬಿತ್ತು, ಅದರ ಘಾಟು. ಬಂದು ಕೂತ್ಕೊಳ್ಳಿ, ಒಬ್ಬಟ್ಟು ಆರತ್ತೆ." ಎಲ್ಲರಿಗೂ ಹೋದ ಜೀವ ಬಂತು. ಆಗ ನನ್ನ ತಂಗಿ ಸುತ್ತ ನೋಡಿ ಕೂಗಿದಳು: "ಅಯ್ಯೋ, ಮಗಳೆಲ್ಲಿ? ಅಳಿಯಂದಿರೆಲ್ಲಿ?"

ನಾನೂ ಸುತ್ತ ನೋಡಿದೆ. ಗುಂಪಿನಲ್ಲಿ ಅವರಿಬ್ಬರೂ ಇಲ್ಲ.

ಮಂಟಪದ ಪಕ್ಕದ ಸಂದಿಯಿಂದ ಅವರು ನಡೆದು ಬಂದರು. ಸೆರಗಿಗೆ ಶಲ್ಯ ಗಂಟು ಹಾಕಿದ್ದು ಹಾಕಿದ ಹಾಗೇ ಇತ್ತು. ಇಬ್ಬರೂ ಬರಿಗಾಲು. ನನ್ನ ಹುಡುಗಿ ಕಣ್ಣೊರೆಸಿಕೊಂಡು ನೇರ ನನ್ನ ಹತ್ತಿರ ಬಂದಳು.

"ಮಾವ, ನೀವು ಹೇಳಿದ ಬಾಗಿಲು ತಳ್ಳಿದೆ, ತೆಗೀತು. ಆಚೆ ನಿಂತು ನಿಮಗೋಸ್ಕರ ಕಾದೆ, ನೀವು ಬರಲೇ ಇಲ್ಲ. ನೀವೆಲ್ಲಿದ್ರಿ?"

ಎಲ್ಲಿದ್ದೆ ಅಂತ ಹೇಳಲಿ? ಮುಂಬಾಗಿಲ ಹೊಸಿಲ ಮೇಲೆ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಇನ್ನೊಂದನ್ನ ಹುಡುಕ್ತಾ ಬಗ್ಗಿದ್ದೆ. ನಾನು ಏನಾದರೂ ಬಾಯಿಗೆ ಬಂದದ್ದು ಹೇಳಿ ತಪ್ಪಿಸಿಕೊಳ್ತಿದ್ದೆನೋ ಏನೋ. ಅವಳು ನನ್ನ ಕಾಲನ್ನೇ ನೋಡ್ತಾ, ಹತ್ತಿರ ಬಗ್ಗಿ ಪಿಸುಗುಟ್ಟಿದಳು:

"ಮಾವ, ಅದು ಬಿಟ್ಬಿಡಿ. ಅದು ನಮ್ಮ ಮಾವನೋರ ಚಪ್ಪಲಿ."